ಹದಿನಾಲ್ಕನೇ ಮನೆಯ ಎರಡನೇ ಒಲೆ

ನವೆಂಬರ್ 4, ಸೋಮವಾರ. ಸಂಜೆ

ಇವತ್ತು ಏಳು ಮನೆ. ಎರಡಕ್ಕೆ ಬೀಗ. ಒಂದರಲ್ಲಿ ನಾಯಿ, ಒಳಗೇ ಬಿಡಲಿಲ್ಲ. ತಾಳ್ಯದಿಂದ ಹೊಳಲ್ಕೆರೆಗೆ ಬರುವ ಬಸ್ಸು ತಪ್ಪಿ, ರಾಗಿ ಹುಲ್ಲಿನ ಟ್ರ್ಯಾಕ್ಟರ್ ಹತ್ತಿ ಬಂದೆ. ಮೈಯೆಲ್ಲ ತುರಿಕೆ. ಚಿಕ್ಕಮ್ಮ ಬಾಗಿಲಲ್ಲೇ ತಡೆದು, ಮೊದಲು ಬಚ್ಚಲಿಗೆ ನಡಿ ಅಂದಳು.

ಅಂಗವಿಕಲರ ಸರ್ವೆ. ದೇಶದಲ್ಲೆಲ್ಲ ನಡೆಯುತ್ತಿದೆಯಂತೆ. ಎಷ್ಟು ಜನ, ಎಂಥ ಮನೆ, ನೀರು ಎಲ್ಲಿಂದ, ಕಕ್ಕಸು ಇದೆಯಾ... ಎಲ್ಲ ಟ್ಯಾಬ್‌ನಲ್ಲಿ ತುಂಬಬೇಕು. ನಿಮ್ಮಲ್ಲಿ ಅಂಗವಿಕಲರು ಇದ್ದಾರಾ ಅಂತ ಕೇಳಿದರೆ ಎಲ್ಲರೂ ಇಲ್ಲ ಅನ್ನುತ್ತಾರೆ. ಹಾಗೆ ಕೇಳಬೇಡಿ, ನೋಡಲು ಕಷ್ಟವೇ, ಕೇಳಲು ಕಷ್ಟವೇ, ನಡೆಯಲು ಕಷ್ಟವೇ ಅಂತ ಒಂದೊಂದಾಗಿ ಕೇಳಿ ಎಂದು ಚಿತ್ರದುರ್ಗದ ಟ್ರೇನಿಂಗಿನಲ್ಲಿ ಹೇಳಿಕೊಟ್ಟಿದ್ದಾರೆ. ಹಾಗೇ ಕೇಳಿದೆ. ಜುಂಜಯ್ಯ ಅನ್ನುವ ಅಜ್ಜ, "ಕಷ್ಟ ಯಾರಿಗಿಲ್ಲ ಹೇಳವ್ವ" ಅಂತ ಎಲ್ಲಕ್ಕೂ ಹೌದು ಅಂದ. ಕಣ್ಣು, ಕಿವಿ, ಕಾಲು, ನೆನಪು— ಎಲ್ಲ. ಅಷ್ಟರಲ್ಲಿ ಅವನ ಎಮ್ಮೆ ಪಕ್ಕದ ಹೊಲಕ್ಕೆ ನುಗ್ಗಿತು. ಅಜ್ಜ ಬೇಲಿ ಹಾರಿದ. ವಾಪಸ್ ಬಂದ ಮೇಲೆ ಎಲ್ಲ ಅಳಿಸಿ ಮೊದಲಿನಿಂದ ಕೇಳಿದೆ.

ಅಳಿಸಿದ್ದು ಯಾಕೆ, ಬಿಡಬೇಕಿತ್ತು ಅಂದರು ಲಕ್ಷ್ಮೀಕಾಂತ್ ಸರ್, ನಮ್ಮ ಸೂಪರ್‌ವೈಸರ್. ಕೆಲಸಕ್ಕೆ ಸೇರುವಾಗಲೂ ಹೀಗೇ. ಬಿ.ಎ. ಅಂತ ಬರಿ, ಯಾರು ನೋಡ್ತಾರೆ ಅಂದಿದ್ದರು. ಪಿಯುಸಿ ಅರ್ಧಕ್ಕೆ ಬಿಟ್ಟಿದ್ದೇನೆ ಅಂತಲೇ ಬರೆದೆ. ಬೇರೆ ಯಾರೂ ಸಿಗದೆ ತೆಗೆದುಕೊಂಡರು.

ನವೆಂಬರ್ 5, ಮಂಗಳವಾರ. ಸಂಜೆ 6

ಊರಿನ ಹೆಸರು, ಜನರ ಹೆಸರು ಟ್ಯಾಬ್ ಬಿಟ್ಟು ಬೇರೆಲ್ಲೂ ಬರೆಯಬಾರದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಮುಂದೆ ಬಾಯಿ ಬಿಡಬಾರದು. ರೂಲು. ಆದರೆ ಈ ಬುಕ್ಕು ಯಾರೂ ಓದಲ್ಲ. ಊರಿನ ಹೆಸರೊಂದು ಬಿಡುತ್ತೇನೆ.

ಹದಿನಾಲ್ಕನೇ ಮನೆ. ಜಂಪಣ್ಣನದು. ಮೋಲ್ಡ್ ಮನೆ, ಟೈಲ್ಸ್, ಗ್ಯಾಸು, ಒಳಗೇ ನಲ್ಲಿ. ಅಂಗಳದ ಆ ಕಡೆ ಕಕ್ಕಸು, ಮೂರು ಮೆಟ್ಟಿಲು ಹತ್ತಿ ಹೋಗಬೇಕು. ಮನೆಯಲ್ಲಿ ನಾಲ್ಕು ಜನ ಅಂದ— ತಾನು, ಹೆಂಡತಿ ಮಲ್ಲಕ್ಕ, ಇಬ್ಬರು ಮಕ್ಕಳು. ಹಿತ್ತಲ ಕಡೆಯಿಂದ ಹೊಗೆ ಬರುತ್ತಿತ್ತು. ಯಾರು ಅಂದೆ. ಅಕ್ಕ, ನಾಗಕ್ಕ ಅಂದ. ಚಿಕ್ಕಂದಿನಲ್ಲೇ ಪೋಲಿಯೊ, ಎರಡೂ ಕಾಲಿಗೆ ಬಲ ಇಲ್ಲ, ಮದುವೆ ಇಲ್ಲ. ಸರಿ, ಐದು ಜನ ಅಂತ ಬರ್ಕಳ್ರಿ ಅಂದ.

ಐದು ಒತ್ತಿ ನಾಗಕ್ಕನ ಹೆಸರು ಸೇರಿಸಿದೆ. ಸೇರಿಸಿದ ತಕ್ಷಣ ಆ ಹೆಸರಿನ ಮುಂದೆ ತಾನಾಗಿಯೇ ತುಂಬಿಕೊಂಡಿತು. ಪಕ್ಕಾ ಮನೆ. ನೀರು ಮನೆಯೊಳಗೆ. ಕಕ್ಕಸು ಇದೆ. ಅಡುಗೆ ಗ್ಯಾಸು. ಎಲ್ಲ ಹಸಿರು ಟಿಕ್ಕು.

ಅವರನ್ನೇ ಕೇಳಬೇಕು ಅಂತ ಹಿತ್ತಲಿಗೆ ಹೋದೆ. ಹಿಂದೆ ದನ ಕಟ್ಟುತ್ತಿದ್ದ ಶೀಟಿನ ಕೊಟ್ಟಿಗೆ. ನಾಲ್ಕು ಗಾಲಿ ಹೊಡೆದ ಹಲಗೆಯ ಮೇಲೆ ಕೂತು ನಾಗಕ್ಕ ಮುದ್ದೆ ತಿರುವುತ್ತಿದ್ದರು. ನಲವತ್ತೈದು ಇರಬಹುದು. ತೋಳು ನನ್ನ ತೊಡೆಯಷ್ಟಿವೆ. ಮಣ್ಣಿನ ಒಲೆ, ಒಂದು ಗೇಣು ಎತ್ತರ, ಅದಕ್ಕಿಂತ ಹೆಚ್ಚಿಲ್ಲ. ಅವರೇ ಕಲಸಿ ಹಾಕಿಕೊಂಡದ್ದಂತೆ. ಕೂತಲ್ಲಿಂದ ಎಲ್ಲ ಕೈಗೆ ಸಿಗುತ್ತದೆ, ಉಪ್ಪಿನ ಡಬ್ಬಿ, ನೀರಿನ ಕೊಡ, ಸೌದೆ.

ಒಳಗಿನ ಅಡುಗೆಮನೆಯಲ್ಲಿ ಎದೆಮಟ್ಟದ ಕಟ್ಟೆ. "ಆ ಕಟ್ಟೆ ಮ್ಯಾಲೆ ಏನೇನೈತೆ ಅಂತ ಹತ್ತು ವರ್ಷ ನಾನು ನೋಡೇ ಇಲ್ಲ. ತಟ್ಟೆ ಕೆಳಗೆ ಬಂದಾಗ ಗೊತ್ತಾಗೋದು, ಇವತ್ತು ಇಂಥ ಸಾರು ಅಂತ" ಅಂದರು. ಒಲೆ ಹಾಕಿ ಮೂರು ವರ್ಷ ಆಯಿತಂತೆ. ಬೇಕಾದಾಗ ಉಣ್ಣುತ್ತಾರೆ. ಖಾರ ಜಾಸ್ತಿ ಬೇಕಂತೆ. ನನಗೂ ಬಡಿಸಿದರು, ಕಣ್ಣಲ್ಲಿ ನೀರು ಬಂತು. "ಸರ್ಕಾರದೋರು ಅತ್ತರು" ಅಂತ ನಕ್ಕರು.

ಹಾಗಾದರೆ ನೀವು ಬೇರೆ ಮನೆ ಅಂತ ಲೆಕ್ಕ, ಒಂದೇ ಅಡುಗೆ ಉಣ್ಣುವವರು ಮಾತ್ರ ಒಂದು ಕುಟುಂಬ ಅಂದೆ. ಮುದ್ದೆ ಕೋಲು ಬಿಟ್ಟು ನನ್ನ ಮುಖ ನೋಡಿದರು. ಹಂಗಂತ ಬರೆಯೋಕೆ ಬರುತ್ತಾ, ನನ್ನೊಬ್ಬಳ ಹೆಸರಲ್ಲಿ? ಬರುತ್ತೆ ಅಂದೆ. ಆದರೆ ಇದರಿಂದ ನಿಮಗೆ ಏನೂ ಸಿಗಲ್ಲ, ಮನೆ ಸಿಗಲ್ಲ, ರೇಷನ್ ಕಾರ್ಡ್ ಸಿಗಲ್ಲ ಅಂತಲೂ ಹೇಳಿದೆ. ಸುಳ್ಳು ಆಸೆ ಹುಟ್ಟಿಸಬಾರದು.

"ನಾನೇನಾರ ಕೊಡು ಅಂದ್ನೇನವ್ವ? ಒಲೆ ಐತೆ. ಐತೆ ಅಂತ ಬರ್ಕ."

ಹೊಸ ಫಾರಂ ತೆರೆದೆ. ಯಜಮಾನರು: ನಾಗಕ್ಕ. ಸದಸ್ಯರು: ಒಂದು. ಗೋಡೆ ಮೂರು, ಬಾಗಿಲು ಇಲ್ಲ. ನೀರು ಬೇರೆಯವರು ತಂದಿಟ್ಟರೆ ಇದೆ. ಕಕ್ಕಸು ಕೇಳಿದಾಗ ಆ ಮೂರು ಮೆಟ್ಟಿಲ ಕಡೆ ಗಲ್ಲ ಎತ್ತಿ ತೋರಿಸಿದರು, ಅಷ್ಟೆ. ಬೆಳಕು ಹರಿಯುವ ಮೊದಲು ಹಿಂದಿನ ಬದುವಿಗೆ ಹಲಗೆ ತಳ್ಳಿಕೊಂಡು ಹೋಗುತ್ತಾರೆ. ತಮ್ಮ ಕೆಟ್ಟವನಲ್ಲ ಅಂತಲೂ ಅಂದರು. ಜ್ವರ ಬಂದರೆ ಟವೆಲಿನಲ್ಲಿ ತನ್ನ ಸೊಂಟಕ್ಕೆ ಕಟ್ಟಿಕೊಂಡು ಬೈಕಿನಲ್ಲಿ ಆಸ್ಪತ್ರೆಗೆ ಒಯ್ಯುತ್ತಾನಂತೆ.

ಹೊರಡುವಾಗ ಜಂಪಣ್ಣ ಮಜ್ಜಿಗೆ ಕೊಟ್ಟ. ಇಷ್ಟು ಹೊತ್ತು ಏನು ಬರೆದ್ರಿ ಅಂದ. ಹೇಳುವಂತಿಲ್ಲ ಅಂದೆ. ಖಾಲಿ ಲೋಟ ತೆಗೆದುಕೊಳ್ಳುತ್ತಾ, ಒಲೆ ಬೇರೆ ಅಂತ ಬರೆದ್ರಾ ಅಂತ ನೇರ ಕೇಳಿದ.

ಹೇಳುವಂತಿಲ್ಲ ಅಂತ ಇನ್ನೊಮ್ಮೆ ಅನ್ನಬಹುದಿತ್ತು. ಇಲ್ಲ ಅನ್ನಬಹುದಿತ್ತು. ಹೌದು ಅಂದೆ. ಮುಖ ನೋಡಿ ಕೇಳಿದವರಿಗೆ ಸುಳ್ಳು ಹೇಳುವುದು ನನ್ನಿಂದ ಆಗಲ್ಲ.

"ಒಲೆ ಬೇರೆ ಅಂದ್ರೆ ಪಾಲು ಬೇರೆ ಅಂತ ಅಲ್ವೇನಮ್ಮ? ಅಪ್ಪನ ಕಾಲದ್ದು ಮೂರೆಕ್ರೆ ಐತೆ. ನಾಳೆ ಯಾರಾರ ಆ ಕಾಗದ ಹಿಡ್ಕಂಡು ಬಂದ್ರೆ?"

ಇದು ಪಹಣಿ ಅಲ್ಲ ಅಣ್ಣ, ಬರೀ ಅಂಕಿ ಅಂಶ, ದಿಲ್ಲಿಗೆ ಹೋಗುತ್ತೆ ಅಂದೆ. ದಿಲ್ಲಿ ಅನ್ನಬಾರದಿತ್ತು. ಇನ್ನೂ ಹೆದರಿದ.

ನವೆಂಬರ್ 7, ಗುರುವಾರ

ಟ್ಯಾಬ್‌ನಿಂದ ಸಿಂಕ್ ಮಾಡಿ ಕಳಿಸಿದ್ದು ವಾಪಸ್ ಬಂದಿದೆ. ಕೆಂಪು ಅಕ್ಷರ— ಪಟ್ಟಿಯಲ್ಲಿ ಇಲ್ಲದ ಕುಟುಂಬ. ಹದಿನಾಲ್ಕನೇ ಮನೆಗೆ ಒಂದೇ ಕುಟುಂಬ ಅಂತ ಮೊದಲೇ ಪಟ್ಟಿ ಆಗಿದೆಯಂತೆ. ಪಟ್ಟಿ ಮಾಡಿದವನು ಹಿತ್ತಲಿಗೆ ಹೋಗಿಲ್ಲ.

ಲಕ್ಷ್ಮೀಕಾಂತ್ ಸರ್ ಫೋನು. ಆಯಮ್ಮನ್ನ ತಮ್ಮನ ಮನೆಗೆ ಸೇರಿಸಿ ಮುಗಿಸು ಅಂದರು. ಸೇರಿಸಿದರೆ ಆಯಮ್ಮನಿಗೆ ನಲ್ಲಿ ಬರುತ್ತೆ, ಗ್ಯಾಸು ಬರುತ್ತೆ, ಕಕ್ಕಸು ಬರುತ್ತೆ, ಯಾವುದೂ ಇಲ್ಲ ಸರ್ ಅಂದೆ. "ಒಬ್ಬಳಿಂದ ದೇಶದ ಪರ್ಸೆಂಟೇಜು ಬದಲಾಗ್ತದೇನಮ್ಮ ತಾಯಿ?" ಅಂದರು. ಆಗಲ್ಲ. ಅದು ನನಗೂ ಗೊತ್ತು. ಹಿಂಗೇ ಹಿತ್ತಲಿಗೆ ಹೋಗದವರು ಎಷ್ಟು ಜನ ಅಂತ ಗೊತ್ತಿಲ್ಲ, ಅಷ್ಟೆ.

ಜಗಳ ಆಯಿತು. ಕೊನೆಗೆ ಅವರೇ ಸೋತು, ಎರಡೂ ಒಲೆ ಉರಿಯುವ ಫೋಟೋ ತಂದರೆ ಮೇಲಿಂದ ಪರ್ಮಿಷನ್ ತೆಗೆಸುತ್ತೇನೆ ಅಂದರು. ಹದಿನೆಂಟಕ್ಕೆ ಹೋಗಬೇಕು. ಅಲ್ಲಿಯವರೆಗೆ ಶ್ರೀರಾಂಪುರದ ಕಡೆ ಕೆಲಸ. ಮುಂಚೆ ತಿಳಿಸಬೇಕು ಅಂತ ಜಂಪಣ್ಣನಿಗೆ ಫೋನ್ ಮಾಡಿದೆ. ಯಾಕೆ ಅಂದ. ಒಲೆಯ ಫೋಟೋಕ್ಕೆ ಅಂದೆ. ಬರ್ರಿ, ಬಂದು ನೀವೇ ನೋಡ್ರಿ ಅಂದ. ಖುಷಿಯಿಂದಲೇ ಅಂದ ಹಾಗಿತ್ತು.

ನವೆಂಬರ್ 15, ಶುಕ್ರವಾರ

ಶ್ರೀರಾಂಪುರ. ಮೂವತ್ತೊಂದು ಮನೆ ಮುಗಿಯಿತು. ಪ್ರತಿ ಮನೆಯಲ್ಲೂ ಹಿತ್ತಲಿಗೆ ಹೋಗುತ್ತೇನೆ. ಜನ ಬೈಯುತ್ತಾರೆ. ಕಳ್ಳಿ ಅಂದುಕೊಂಡು ಒಬ್ಬಳು ಪೊರಕೆ ಎತ್ತಿದಳು.

ಟ್ಯಾಬ್‌ನಲ್ಲಿ ಸಾರಾಂಶ ಅಂತ ಒಂದು ಬಟನ್ ಇದೆ. ಒತ್ತಿದರೆ ಕಕ್ಕಸು ಇರುವ ಅಂಗವಿಕಲರು ಇಷ್ಟು ಅಂತ ದುಂಡನೆ ಚಿತ್ರ ಬರುತ್ತದೆ. ನೋಡಲು ಬಹಳ ಚೆನ್ನಾಗಿದೆ. ಮೆಟ್ಟಿಲು ಎಷ್ಟು ಅಂತ ಎಲ್ಲೂ ಇಲ್ಲ.

ನವೆಂಬರ್ 18, ಸೋಮವಾರ

ಒಲೆ ಇಲ್ಲ.

ಬೆಳಿಗ್ಗೆ ಹತ್ತೂವರೆಗೆ ಹೋದೆ. ನೇರ ಹಿತ್ತಲಿಗೇ ಹೋದೆ. ಕೊಟ್ಟಿಗೆಯನ್ನು ಸಗಣಿಯಿಂದ ಸಾರಿಸಿದ್ದಾರೆ. ಒಲೆ ಇದ್ದ ಜಾಗದಲ್ಲಿ ಒಂದು ಎಮ್ಮೆಕರು ಕಟ್ಟಿದೆ. ಗೋಡೆಯ ಮೇಲೆ ಮಸಿ ಹಾಗೇ ಇದೆ.

ನಾಗಕ್ಕ ಒಳಗೆ, ನಡುಮನೆಯಲ್ಲಿ ಮಂಚದ ಮೇಲೆ. ಹೊಸ ಸೀರೆ. ಗಾಲಿಯ ಹಲಗೆ ಎಲ್ಲೂ ಕಾಣಲಿಲ್ಲ. ಮಂಚ ಎತ್ತರ. ಯಾರಾದರೂ ಇಳಿಸಿದರೆ ಮಾತ್ರ ಇಳಿಯಬೇಕು. ಮಲ್ಲಕ್ಕ ಟೀ ತಂದಳು, ನನ್ನ ಕಡೆ ನೋಡಲಿಲ್ಲ. ಜಂಪಣ್ಣ ಅಡುಗೆಮನೆ ತೋರಿಸಿದ. "ನೋಡ್ರಿ, ಒಂದೇ ಒಲೆ. ಅಕ್ಕ ನಮ್ ಜತಿಗೇ ಉಣ್ತಾಳೆ. ಫೋಟೋ ಹೊಡ್ಕಳ್ರಿ."

ಪ್ರಶ್ನೆಯನ್ನು ಇದ್ದ ಹಾಗೇ ಓದಬೇಕು. ಓದಿದೆ. ನೀವು ಸಾಮಾನ್ಯವಾಗಿ ಯಾರ ಅಡುಗೆ ಉಣ್ಣುತ್ತೀರಿ? ನಾಗಕ್ಕ ಗೋಡೆ ನೋಡುತ್ತಿದ್ದರು. ಇವರು ಕೊಟ್ಟಿದ್ದು ಅಂದರು. ಎಷ್ಟು ದಿನದಿಂದ ಅಂದೆ. ನೀನು ಹೋದ ಮೂರನೇ ದಿನದಿಂದ ಅಂದರು.

ಜಂಪಣ್ಣ ಯಾರದೋ ಕೂಗಿಗೆ ಹೊರಗೆ ಹೋದ. ಆಗ ತಿರುಗಿದರು. ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ಚೆನ್ನಾಗಿತ್ತು.

"ಬರ್ಕ ಅಂದೆ ಕಣವ್ವ. ಹೇಳು ಅಂದಿದ್ನಾ?"

ನವೆಂಬರ್ 19, ಮಂಗಳವಾರ. ಬೆಳಿಗ್ಗೆ 8. ಹೊಳಲ್ಕೆರೆ ಬಸ್ ಸ್ಟ್ಯಾಂಡ್

ಲಕ್ಷ್ಮೀಕಾಂತ್ ಸರ್ ಎರಡು ಸಲ ಫೋನ್ ಮಾಡಿದರು. ಈಗ ಒಂದೇ ಒಲೆ ಇರೋದು ನಿಜ ತಾನೆ, ನಿಜಾನೇ ಹಾಕು, ನೀನೇ ದೊಡ್ಡ ಸತ್ಯವಂತೆ ಅಲ್ವಾ ಅಂದರು. 

ಹಾಕಿದೆ. ಸದಸ್ಯರು ಐದು. ಪಕ್ಕಾ ಮನೆ. ನೀರು ಮನೆಯೊಳಗೆ. ಕಕ್ಕಸು ಇದೆ. ಅಡುಗೆ ಗ್ಯಾಸು. ಒಂದೂ ಸುಳ್ಳಲ್ಲ. ಹೋದ ಸಲಕ್ಕಿಂತ ನಾಗಕ್ಕನ ಸ್ಥಿತಿ ಎಲ್ಲದರಲ್ಲೂ ಮೇಲು.

ಕೊನೆಗೆ ಷರಾ ಅಂತ ಒಂದು ಖಾಲಿ ಜಾಗ. ಯಾರೂ ತುಂಬಲ್ಲ, ಯಾರೂ ಓದಲ್ಲ. ಮೊದಲು ಇಲ್ಲಿ ಬರೆದುಕೊಂಡು ಆಮೇಲೆ ಅಲ್ಲಿ ಟೈಪ್ ಮಾಡೋಣ ಅಂತ ಕೂತಿದ್ದೇನೆ. ಬಸ್ಸು ಬರುವುದರೊಳಗೆ ಮುಗಿಸಬೇಕು.

ಈ ಮನೆಯಲ್ಲಿ ಮೂರು ವರ್ಷ ಇನ್ನೊಂದು ಒಲೆ ಇತ್ತು. ಎತ್ತರ ಒಂದು ಗೇಣು. ಸರ್ವೆಗೆ ಬಂದವಳು ಅದರ ವಿಷಯ ಬಾಯಿ ಬಿಟ್ಟ ಮೂರನೇ ದಿನ ಅದನ್ನು ಒಡೆದು ಹಾಕಿದರು.