ಬ್ಲೇಡಿನ ಒಂದು ಚೂರು

ತಮ್ಮಾ,

ಹೊಸದು ಕೊಳ್ಳದೆ ನೀನು ಬೆಸುಗೆ ಹಾಕಿ ಉಳಿಸಿದ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡ್, ತಿರುಗುತ್ತಿದ್ದಾಗಲೇ ಮುರಿದು ಅಪ್ಪನ ಕಾಲನ್ನು ಸೀಳಿದೆ. ಅವರು ಆಸ್ಪತ್ರೆಯಲ್ಲಿದ್ದಾರೆ, ಬಟ್ಟೆ ಒಯ್ಯಲು ಬಂದಿದ್ದೆ, ಮತ್ತೆ ಹೊರಟೆ.

ಮೆಟ್ಟಿಲ ಮೇಲಿನ ರಕ್ತವನ್ನು ಅಮ್ಮ ಬರುವ ಮೊದಲು ತೊಳೆ.

ಬೆಸುಗೆಯ ಬಿಸಿಗೆ ಉಕ್ಕು ಪೆಡಸಾಗಿ ಮುರಿಯುತ್ತದೆ ಎಂದು ನಾನು ಬಡಿದುಕೊಂಡಿದ್ದೆ. "ನಿನ್ನ ಪಾಠ ಕಾಲೇಜಲ್ಲೇ ಇಟ್ಕೋ ಅಕ್ಕಾ" ಅಂದೆ ನೀನು. ಯಂತ್ರವನ್ನು ಸುತ್ತಿಗೆಯಿಂದ ಚಚ್ಚಿ ಹಾಕಿದ್ದೇನೆ. ನಿನ್ನ ಬೆರಳುಗಳನ್ನೂ ಅಲ್ಲೇ ಇಟ್ಟು ಚಚ್ಚಬೇಕೆನಿಸಿತ್ತು.

ಚಚ್ಚುವ ಮೊದಲೇ ಬ್ಲೇಡಿನ ತುಂಡುಗಳನ್ನು ಜೋಡಿಸಿ ನೋಡಿದೆ. ಉಗುರಿನಷ್ಟು ಒಂದು ಚೂರು ಇಲ್ಲ. ಹುಲ್ಲಿನಲ್ಲಿ ಹುಡುಕು, ಸಿಕ್ಕರೆ ತಕ್ಷಣ ಫೋನ್ ಮಾಡು. ಸಿಗದಿದ್ದರೆ ಅದು ಕಾಲೊಳಗಿದೆ.

ನಿನ್ನ ಹೆಸರು ಬರಬಾರದೆಂದು ಅಪ್ಪ ಡಾಕ್ಟರ ಬಳಿ "ಕಲ್ಲು ಸಿಡೀತು" ಎಂದೇ ಹಟ ಹಿಡಿದಿದ್ದಾರೆ. ನಾನು ಹೋಗಿ ಕಬ್ಬಿಣ ಎನ್ನುತ್ತೇನೆ. ಉಳಿದದ್ದನ್ನು, ಬೆಸುಗೆ ಯಾರದೆಂಬುದನ್ನು, ಅಪ್ಪನ ಮುಖ ನೋಡಿಕೊಂಡು ನೀನೇ ಹೇಳು.

ಅಕ್ಕ