ಮುಖ ಹೊಂದುತ್ತಿಲ್ಲ, ಮಾನ್ಯರೇ

ಗುರುತು ಪರಿಶೀಲನಾ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಾನು ನಾನಲ್ಲ ಎಂದು ನಿಮ್ಮ ಕಚೇರಿ ತೀರ್ಮಾನಿಸಿದೆ. ನನ್ನ ಗಂಡ, ಅತ್ತೆ, ಡಿಪೋದ ಕಾವಲುಗಾರ, ಅವನ ನಾಯಿ, ಎಲ್ಲರದೂ ಬೇರೆಯೇ ಅಭಿಪ್ರಾಯ. ಆದರೆ ಅವರ್ಯಾರ ಬಳಿಯೂ ನಿಮ್ಮಲ್ಲಿರುವಂಥ ಕ್ಯಾಮೆರಾ ಇಲ್ಲವಲ್ಲ! ಹಾಗಾಗಿ ಈ ದೂರನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ನಗರ ಸಾರಿಗೆಯ ಬಸ್ ಚಾಲಕಿ. ಕೆಲವು ವರ್ಷಗಳಿಂದ ನನ್ನ ಚಪ್ಪಲಿಗಳು ಒಂದೊಂದಾಗಿ ಚಿಕ್ಕವಾಗುತ್ತಾ ಬಂದವು. ಉಂಗುರವನ್ನು ಅಕ್ಕಸಾಲಿಗ ಕತ್ತರಿಸಿ ತೆಗೆದ. ಮೂಗು ಹರಡಿತು, ದವಡೆ ಮುಂದೆ ಬಂತು, ದನಿ ಗಡುಸಾಯಿತು. "ನಿಮ್ಮ ಗಂಟಲಿದ್ರೆ ಬಸ್ಸಿಗೆ ಹಾರ್ನೇ ಬೇಡ ಅಕ್ಕಾ" ಎಂದು ಕಂಡಕ್ಟರ್ ಹುಡುಗಿ ತಮಾಷೆ ಮಾಡಿದಳು, ನಾನೂ ನಕ್ಕೆ. ವಯಸ್ಸಾಗುವುದೆಂದರೆ ಹೀಗೆಯೇ ಇರಬೇಕು ಅಂದುಕೊಂಡೆ. ಒಂದು ಬೆಳಗ್ಗೆ ಎಡಗಡೆಯಿಂದ ಬಂದ ಸೈಕಲ್ ಸವಾರ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಕಂಡಕ್ಟರ್ ಹುಡುಗಿ ಕಿರುಚಿದ್ದಕ್ಕೆ ಬ್ರೇಕ್ ಒತ್ತಿದೆ. ಅವನು ಬಚಾವಾದ. ನಾನು ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಕೀಲಿಯನ್ನು ಅವಳ ಕೈಗೆ ಕೊಟ್ಟು, ಆಸ್ಪತ್ರೆಗೆ ಹೋದೆ.

ಮಿದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಬಟಾಣಿ ಗಾತ್ರದ ಗ್ರಂಥಿ ಇದೆಯಂತೆ. ಅದರಲ್ಲೊಂದು ಗಡ್ಡೆ ಎದ್ದು, ಬೆಳವಣಿಗೆಯ ಹಾರ್ಮೋನನ್ನು ಅಳತೆಯಿಲ್ಲದೆ ರಕ್ತಕ್ಕೆ ಸುರಿಯುತ್ತಿದೆ ಎಂದರು ವೈದ್ಯೆ. ಒಂದು ಹಾರ್ಮೋನು ಹದ ತಪ್ಪಿದರೆ ಮಿಕ್ಕವೂ ದಾರಿ ಬಿಡುತ್ತವೆ: ನನ್ನ ಮುಟ್ಟು ನಿಂತಿತ್ತು, ಸಕ್ಕರೆ ಏರಿತ್ತು, ಕೂತಲ್ಲೇ ಬೆವರು. ಗಡ್ಡೆ ಕಣ್ಣಿನ ನರವನ್ನು ಒತ್ತಿ ಪಕ್ಕದ ನೋಟವನ್ನೂ ಕಿತ್ತುಕೊಂಡಿತ್ತು. ಅಷ್ಟು ಸಣ್ಣ ಕುರ್ಚಿಯಲ್ಲಿ ಕೂತು ಇಡೀ ದೇಹಕ್ಕೆ ಹುಚ್ಚು ಆದೇಶ ಹೊರಡಿಸುವ ಅಂಗವೊಂದಿದೆ ಎಂದು ಕೇಳಿ ನನಗೆ ಆಶ್ಚರ್ಯವಾಯಿತು. ಆಮೇಲೆ ನಿಮ್ಮ ಕಚೇರಿಗೆ ಬಂದೆ, ಆಶ್ಚರ್ಯ ಇಳಿಯಿತು.

ನೌಕರರ ಆರೋಗ್ಯ ಯೋಜನೆಯಡಿ ಶಸ್ತ್ರಚಿಕಿತ್ಸೆಯಾಗಲು ಮೊದಲು ಗುರುತು ಖಚಿತವಾಗಬೇಕು. ನನ್ನ ಕಾರ್ಡಿನ ಹಳೆಯ ಫೋಟೋ ನೋಡಿ ನಿಮ್ಮ ಕ್ಯಾಮೆರಾ "ಮುಖ ಹೊಂದುತ್ತಿಲ್ಲ" ಎಂದಿತು. ಬೆರಳಚ್ಚು ಯಂತ್ರದ ಕಿಂಡಿಯೊಳಗೆ ನನ್ನ ಬೆರಳೇ ಹೋಗಲಿಲ್ಲ.

"ಫೋಟೋದಲ್ಲಿ ಇರೋರನ್ನ ಕರ್ಕೊಂಡು ಬನ್ನಿ," ಎಂದರು ನಿಮ್ಮ ಗುಮಾಸ್ತರು.

"ಅವಳೇ ಸ್ವಾಮಿ ನಾನು. ಕಾಯಿಲೆಯಿಂದ ಮುಖ ಹೀಗಾಗಿದೆ."

"ಹಾಗಾದ್ರೆ ವಾಸಿ ಮಾಡಿಸ್ಕೊಂಡು ಬನ್ನಿ. ಮುಖ ತಾನಾಗೇ ಹೊಂದುತ್ತೆ."

"ವಾಸಿ ಮಾಡಿಸ್ಕೊಳ್ಳೋಕೇ ಅಲ್ವಾ ಗುರುತು ಕೇಳ್ತಿರೋದು?"

"ಅದು ಆಸ್ಪತ್ರೆ ವಿಚಾರ, ಅಮ್ಮಾ."

ಬಡಗಿ ಕೆಲಸದ ನನ್ನ ಗಂಡ ಸಾಕ್ಷಿಗೆ ನಿಂತರು. ಇವರು ನಿಮ್ಮ ಹೆಂಡತಿಯೇ ಎಂದು ಹೇಗೆ ಹೇಳುತ್ತೀರಿ ಎಂಬ ಪ್ರಶ್ನೆ ಬಂತು. "ಬೆಳಗ್ಗೆಯಿಂದ ಬೈಸ್ಕೋತಾ ಇದೀನಿ ಸಾರ್. ಬೇರೆ ಹೆಂಗಸು ಇಷ್ಟು ಸಲಿಗೆಯಿಂದ ಬೈತಾಳಾ?" ಗುಮಾಸ್ತರು ಮರುಕದಿಂದಲೇ ಉಪಾಯ ಹೇಳಿಕೊಟ್ಟರು: ಹಳೆಯವರು ತೀರಿಕೊಂಡರೆಂದು ಮರಣಪತ್ರ ತನ್ನಿ, ನಿಮ್ಮನ್ನು ಹೊಸಬರೆಂದು ಸೇರಿಸಿಕೊಳ್ಳುತ್ತೇವೆ. ತೀರಿಹೋದವಳ ಗಂಡನನ್ನು ನಾನು ಇಟ್ಟುಕೊಳ್ಳಬಹುದೇ ಎಂದು ಕೇಳಿದೆ. ಅದಕ್ಕೆ ಬೇರೆ ಕಿಟಕಿಯಂತೆ.

ಅಷ್ಟರಲ್ಲಿ ನೋಟ ಇನ್ನಷ್ಟು ಕಿರಿದಾಗಿ, ಬಾಗಿಲ ಚೌಕಟ್ಟಿಗೆ ಭುಜ ಬಡಿಯತೊಡಗಿತು. ವೈದ್ಯೆ ನಮ್ಮಿಬ್ಬರನ್ನೂ ಒಳಗೆ ಕರೆದು ಕದ ಮುಚ್ಚಿದರು. "ರಸ್ತೇಲಿ ಸಿಕ್ಕ ಗುರುತಿಲ್ಲದ ರೋಗಿಗೆ ಯಾವ ಕಾರ್ಡೂ ಬೇಡ. ಇನ್ನು ತಡ ಮಾಡಿದ್ರೆ ಕಣ್ಣು ಹೋಗುತ್ತೆ. ಈಗ ಹೇಳಿ, ಇವರು ನಿಮಗೆ ಗೊತ್ತಾ?"

ನನ್ನ ಗಂಡ ನನ್ನನ್ನು ನೋಡಿದರು. "ಇಲ್ಲ ಡಾಕ್ಟ್ರೇ, ಯಾರೋ ಗೊತ್ತಿಲ್ಲ," ಎಂದು, ನನ್ನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು.

ಮೂಗಿನ ಮೂಲಕ ಗಡ್ಡೆ ತೆಗೆದರು. "ಅಪರಿಚಿತ ಅಮ್ಮಾ, ಮಾತ್ರೆ ತಗೊಳ್ಳಿ" ಎಂದು ನರ್ಸ್ ಅಕ್ಕರೆಯಿಂದ ಕರೆಯುತ್ತಿದ್ದರು. ನೋಟ ಮರಳಿತು, ಊತವೂ ಇಳಿಯಿತು. ಈಗ ನಿಮ್ಮ ಕಚೇರಿಯ ಹೊಸ ವಾದವೇನು? ವಾಸಿಯಾದವಳು ಯಾರೋ ಅಪರಿಚಿತೆ. ಕಾರ್ಡಿನವಳ ರೋಗ ಹಾಗೆಯೇ ಇದೆ! ಬಸ್ ಓಡಿಸುತ್ತೇನೆಂದರೆ ನಾನು ರೋಗಿ. ರಕ್ತಪರೀಕ್ಷೆ, ಚುಚ್ಚುಮದ್ದು ಕೇಳಿದರೆ ನಾನು ಯಾರೋ.

ಮಾನ್ಯರೇ, ಯಂತ್ರ ಸೋತಲ್ಲಿ ವೈದ್ಯರ ಮಾತು ಸಾಕು ಎಂಬ ಒಂದೇ ಸಾಲನ್ನು ನಿಮ್ಮ ನಿಯಮಕ್ಕೆ ಸೇರಿಸಿ. ಥೈರಾಯ್ಡ್ ಕೆರಳಿ ಕಣ್ಣು ಉಬ್ಬಿದವರನ್ನು, ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಿ ಮುಖ ದುಂಡಗಾದವರನ್ನು ಆಸ್ಪತ್ರೆಯ ಬೆಂಚಿನ ಮೇಲೆ ನೋಡಿದ್ದೇನೆ. ನಾಳೆ ಅವರೂ ನಿಮ್ಮ ಕ್ಯಾಮೆರಾದ ಎದುರು ನಿಲ್ಲಬೇಕು. ಊತ ಇಳಿದರೂ ಬೆಳೆದ ಮೂಳೆ ಮತ್ತೆ ಚಿಕ್ಕದಾಗದು ಎಂದಿದ್ದಾರೆ ವೈದ್ಯೆ. ನನ್ನ ದವಡೆ ಹಿಂದೆ ಸರಿಯುವುದಿಲ್ಲ. ಸರಿಯಬೇಕಾದವರು ತಾವು.

ಇಂತಿ,
ಹಾಲಿ ಮುಖದ ಒಡತಿ,
ನಗರ ಸಾರಿಗೆಯ ಬಸ್ ಚಾಲಕಿ (ಅವಳೇ)