ಸಿದ್ದಲಿಂಗವ್ವನ ಹೆಸರಿನ ಗುಳಿಗೆ

ಉಟಗಿ ಊರ ಹೊರಗಿನ ಬಿಡಾರ
ತಾ. ೧೮-೮-೨೦೦೬

ಚಿರಂಜೀವಿ ಸಾವಿತ್ರವ್ವನಿಗೆ ನಿನ್ನ ಸೋದರಮಾವ ಧೂಳಪ್ಪನ ಆಶೀರ್ವಾದ. ಇಂಡಿಯಲ್ಲಿ ನೀನೂ ಅಳಿಯಂದಿರೂ ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಯುಗಾದಿಯಿಂದ ಕಾಗದ ಹಾಕಿಲ್ಲ, ಸಿಟ್ಟಾಗಬೇಡವ್ವ. ಊರೂರು ತಿರುಗುವ ನಮ್ಮ ಹಗಲುವೇಷದವರಲ್ಲಿ ನನ್ನಷ್ಟು ದುಂಡಗೆ ಬರೆಯುವವನು ಇನ್ನೊಬ್ಬನಿಲ್ಲ. ಆದರೂ ಈ ಕಾಗದವನ್ನು ಎರಡು ಸಲ ಹರಿದು ಮತ್ತೆ ಬರೆಯುತ್ತಿದ್ದೇನೆ.

ನನ್ನಾಕಿ, ನಿನ್ನ ಅತ್ತೆ ರುಕ್ಮವ್ವನ ರಕ್ತದಲ್ಲಿ ಎಚ್‌ಐವಿ ಇದೆಯಂತೆ. ನನ್ನದನ್ನು ಇನ್ನೂ ನೋಡಿಸಿಲ್ಲ. ಫೌಜದಾರನ ವೇಷ ಹಾಕಿ ಜತ್ತದ ಪೇಟೆಯನ್ನೇ ನಡುಗಿಸಿದವನು ಒಂದು ಸೂಜಿಗೆ ಹೆದರಿ ಕುಳಿತಿದ್ದೇನೆ.

ಅದರ ಗುಳಿಗೆ ಕೊಡುವ ಮಹಾರಾಷ್ಟ್ರದ ದೊಡ್ಡ ಆಸ್ಪತ್ರೆಯಲ್ಲಿ ಕಾರಕೂನ "ಊರು ಯಾವುದು? ರೇಶನ್ ಕಾರ್ಡ ತೋರ್ಸು" ಎಂದ. ನಾವು ವೇಷ ಕಟ್ಟುವ ಹನ್ನೆರಡು ಊರಿನ ಹೆಸರು ಹೇಳಿದೆ. ಅವನಿಗೆ ಒಂದೇ ಬೇಕಂತೆ. "ನೀವು ಕರ್ನಾಟಕದವ್ರು, ಅಲ್ಲೇ ಹೋಗ್ರಿ" ಎಂದ. ಕರ್ನಾಟಕದ ಆಸ್ಪತ್ರೆಗೆ ಹೋದರೆ "ಮಹಾರಾಷ್ಟ್ರದವ್ರಿಗೆ ಇಲ್ಲೇನೈತಿ?" ಎಂದರು.

ವಳಸಂಗದ ಅಣ್ಣಾರಾಯ ಗೌಡರು ನಿನಗೆ ಗೊತ್ತಲ್ಲ, ವರ್ಷ ವರ್ಷವೂ ನಮಗೆ ಜೋಳ ಅಳೆಯುವವರು. ಅವರ ಮುಂದೆ ನಿನ್ನ ಅತ್ತೆಗೆ ಜ್ವರ ಎಂದಷ್ಟೇ ಹೇಳಿದೆ. "ನಮ್ಮಾಕಿ ಹೆಸರಿಲೆ ತೋರ್ಸೋ, ಅದಕ್ಯಾಕ ಅಳ್ತಿ?" ಎಂದು ಹೆಂಡತಿ ಸಿದ್ದಲಿಂಗವ್ವನ ಹೆಸರಿರುವ ಕಾರ್ಡು ಕೊಟ್ಟರು. ನಾನು ಧೋತರ ಉಟ್ಟು, ತಲೆಗೆ ಪಟಗಾ ಸುತ್ತಿ ಎಂಥಾ ಮರಾಠಿ ಬಿಟ್ಟೆನೆಂದರೆ, ಅದೇ ಕಾರಕೂನ ನನ್ನನ್ನು ಗೌಡನೆಂದೇ ನಂಬಿ "ಬಸಾ ಪಾಟೀಲ", ಕೂಡ್ರಿ ಗೌಡ್ರ, ಎಂದು ಖುರ್ಚಿ ಕೊಟ್ಟ! ಅತ್ತೆಗೂ ದಿನಾ ತಾಲೀಮು ಕೊಟ್ಟಿದ್ದೆ: ಸಿದ್ದಲಿಂಗವ್ವಾ ಎಂದ ಕೂಡಲೇ ಹೊರಳಿ ನೋಡಬೇಕು. ಗುಳಿಗೆ ಸಿಕ್ಕವು. ಮೈಗೆ ಹತ್ತಿದವು. ಮತ್ತೆ ರೊಟ್ಟಿ ಬಡಿಯತೊಡಗಿದಳು.

ಹೋದ ವಾರ ಆಸ್ಪತ್ರೆಯ ನರ್ಸಬಾಯಿಯೊಬ್ಬರು ಗುಳಿಗೆ ತಪ್ಪಿಸಿಲ್ಲವಲ್ಲ ಎಂದು ವಿಚಾರಿಸಲು ಕಾರ್ಡಿನ ವಿಳಾಸ ಹಿಡಿದು ವಳಸಂಗಕ್ಕೇ ಹೋದರಂತೆ. ಮೆಲ್ಲಗೇ ಕೇಳಿದರಂತೆ. ಆದರೂ ಸಿದ್ದಲಿಂಗವ್ವನಿಗೆ ಆ ರೋಗವೆಂದು ಸಂಜೆಯೊಳಗೆ ಓಣಿಗೆಲ್ಲ ಹಬ್ಬಿತು. ಈಗ ಸಿದ್ದಲಿಂಗವ್ವ ಬಡಿದ ರೊಟ್ಟಿಯನ್ನು ಅವಳ ಸೊಸೆಯೇ ಮಕ್ಕಳ ಕೈಯಿಂದ ಕಸಿದುಕೊಳ್ಳುತ್ತಾಳಂತೆ.

ನಿನ್ನೆ ಗೌಡರು ಜೀಪಿನಲ್ಲಿ ಬಂದರು. ಬೈದಿದ್ದರೆ ಚಲೋ ಇತ್ತು. "ಧೂಳಪ್ಪಾ, ಎಷ್ಟ ವೇಷ ಹಾಕಿದೀ, ಎಲ್ಲಾಕೂ ನಕ್ಕೀವಿ. ಇದಕ್ಕ ಹ್ಯಾಂಗ ನಗೂಣೋ?" ಎಂದರು. ಅದು ಸಿದ್ದಲಿಂಗವ್ವನ ರೋಗವಲ್ಲವೆಂದು ಊರಿಗೆ ಖರೇ ಹೇಳಿದರೆ ಗುಳಿಗೆ ನಿಲ್ಲುತ್ತವೆ. ಬಿಡಾರ ಹೂಡಲು ಯಾವ ಊರೂ ಬಿಡುವುದಿಲ್ಲ. ಆಗ ನಿನ್ನ ಅತ್ತೆ ಗುಡಾರದಿಂದ ಹೊರಗೆ ಬಂದು ಕಾರ್ಡನ್ನು ಗೌಡರ ಕೈಗಿಟ್ಟಳು.

"ಆ ರೋಗ ನಂದೈತ್ರಿ ಗೌಡ್ರ. ನಾಳೆ ನಿಮ್ಮ ಓಣ್ಯಾಗ ನಿಂತು ನಾನಽ ಹೇಳ್ತೀನಿ."

ಈ ಕಾಗದ ಡಬ್ಬಿಗೆ ಹಾಕಿ ಅವಳ ಜೊತೆ ನಾನೂ ಹೊರಡುತ್ತೇನೆ. ಬಣ್ಣವಿಲ್ಲದೆ ಆ ಊರೊಳಗೆ ಕಾಲಿಡುವುದು ಇದೇ ಮೊದಲು. ಕಲ್ಲು ಬೀಳಬಹುದು.

ಗುಳಿಗೆ ಒಂದು ದಿನವೂ ತಪ್ಪಬಾರದೆಂದು ಡಾಕ್ಟರು ಹೇಳಿದ್ದಾರೆ. ಉಳಿದಿರುವುದು ಒಂದು ಅಂಗೈ ತುಂಬುವಷ್ಟೇ. ನೀನು ಮನೆ ಮಾಡಿ ಕಾರ್ಡು ಪಡೆದವಳು. ಅದರಲ್ಲಿ ಅತ್ತೆಯ ಹೆಸರು ಸೇರಿಸಲು ಆದೀತೇ? ಅಳಿಯಂದಿರಿಗೆ ಯಾವ ರೋಗವೆಂದು ಹೇಳಿಯೇ ಕೇಳವ್ವ. ಇನ್ನೊಂದು ಮನೆಗೆ ಹೀಗಾಗುವುದು ಬೇಡ.

ನಿನ್ನ ಹೊಟ್ಟೆ ತಣ್ಣಗಿರಲಿ, ಮಕ್ಕಳ ಆಯುಷ್ಯ ಬೆಳೆಯಲಿ.

ನಿನ್ನ ಮಾವ,
ಧೂಳಪ್ಪ

ತಾ.ಕ.: ಈಗ "ರುಕ್ಮೀ, ಹೊರಡೂಣು" ಎಂದು ಕೂಗಿದೆ. ಹೊರಳಲಿಲ್ಲ. ಹೆದರಿ "ಸಿದ್ದಲಿಂಗವ್ವಾ" ಎಂದೆ. ತಟ್ಟನೆ ಹೊರಳಿದಳು. ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತ ಕೇಳಿದಳು: "ನಾ ಸತ್ತರ ಯಾರ ಹೆಸರ ಹಿಡದು ಅಳ್ತೀರಿ?"